ತೀನ್ ಪತ್ತಿಯ ಬ್ಲೈಂಡ್ ಮತ್ತು ಎಚ್ಚರದ ಆಟಗಾರ: ಮಾಟುಂಗದ ಮನೆಯಾಟದ ಹಿನ್ನೆಲೆಯಲ್ಲಿ ಒಂದು ಸಂಶೋಧನಾ ಟಿಪ್ಪಣಿ

1. ವ್ಯಾಪ್ತಿ

ಸಣ್ಣ ಮೊತ್ತಕ್ಕೆ ಆಡುವ ಇಸ್ಪೀಟಾಟದಲ್ಲಿ ಎಚ್ಚರದಿಂದ ಆಡುವವರನ್ನು ಹುಸಿ ಚಾಲಿನಿಂದ ಎಬ್ಬಿಸುವುದು ಎಷ್ಟರ ಮಟ್ಟಿಗೆ ಲಾಭದಾಯಕ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಪೋಕರ್ ಆಟಕ್ಕೆ ಸಂಬಂಧಿಸಿ ಕೇಳಲಾಗುತ್ತದೆ. ಮುಂಬಯಿಯ ಕನ್ನಡ ಮನೆಗಳಲ್ಲಿ ಈ ಪ್ರಶ್ನೆ ನಿಜವಾಗಿ ಏಳುವುದು ತೀನ್ ಪತ್ತಿಯಲ್ಲಿ, ಅಂದರೆ ಮೂರೆಲೆಯ ಆಟದಲ್ಲಿ. ಕಾಲ ದೀಪಾವಳಿ. ಕಾರ್ತಿಕ ಶುದ್ಧ ಪಾಡ್ಯಕ್ಕೆ ಬಲಿಪಾಡ್ಯಮಿಯ ಜೊತೆಗೆ ದ್ಯೂತಪ್ರತಿಪದೆ ಎಂಬ ಹೆಸರೂ ಇರುವುದರಿಂದ, ವರ್ಷವಿಡೀ ಎಲೆ ಮುಟ್ಟದ ಮನೆಗಳಲ್ಲೂ ಅಂದು ಜಮಖಾನೆ ಹಾಸುವುದುಂಟು.

ಮಾಟುಂಗವನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. 1896ರ ಪ್ಲೇಗಿನ ಬಳಿಕ 1898ರಲ್ಲಿ ಸ್ಥಾಪನೆಯಾದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟು ದಾದರ್–ಮಾಟುಂಗ ಭಾಗವನ್ನು ಯೋಜಿತ ಬಡಾವಣೆಯಾಗಿ ರೂಪಿಸಿತು. ದಕ್ಷಿಣ ಭಾರತದಿಂದ ಬಂದ ನೌಕರವರ್ಗ ಇಲ್ಲಿ ನೆಲೆಸಿತು. ಮೈಸೂರು ಅಸೋಸಿಯೇಶನ್ 1926ರಲ್ಲಿ ಹುಟ್ಟಿತು, ಭಾವು ದಾಜಿ ರಸ್ತೆಯಲ್ಲಿ ಅದರ ಕಟ್ಟಡವಿದೆ. ಒಂದೇ ಮಾಳಿಗೆಯಲ್ಲಿ ಕನ್ನಡ, ತುಳು, ಕೊಂಕಣಿ, ತಮಿಳು, ಗುಜರಾತಿ ಮನೆಗಳು ಇರುವ ಕಡೆ, ಹಬ್ಬದ ರಾತ್ರಿ ಒಂದೇ ಜಮಖಾನೆಯ ಮೇಲೆ ಬೇರೆ ಬೇರೆ ಊರಿನ ನಿಯಮಗಳು ಎದುರಾಗುತ್ತವೆ. ಈ ನಿಯಮಭೇದಗಳೇ ಹುಸಿ ಚಾಲಿನ ಫಲವನ್ನು ಬಹುಮಟ್ಟಿಗೆ ನಿರ್ಧರಿಸುತ್ತವೆ ಎಂಬುದು ಮುಂದಿನ ಲೆಕ್ಕದಿಂದ ತಿಳಿದುಬರುವಂತೆ ತೋರುತ್ತದೆ.

2. ನಿಯಮಗಳು ಮತ್ತು ಭೇದಗಳು

2.1. ಎಲ್ಲರೂ ಸಮನಾಗಿ ಬೂಟ್, ಅಂದರೆ ಆರಂಭದ ಪಣ, ಹಾಕಿದ ಮೇಲೆ ತಲೆಗೆ ಮೂರು ಎಲೆ. ಎಲೆ ನೋಡದೆ ಆಡುವವನು ಬ್ಲೈಂಡ್, ನೋಡಿದವನು ಸೀನ್. ಬ್ಲೈಂಡ್ ಆಟಗಾರ ಚಾಲ್ತಿ ದರದಷ್ಟನ್ನು ಅಥವಾ ಅದರ ಎರಡರಷ್ಟರವರೆಗೆ ಹಾಕಬಹುದು. ಸೀನ್ ಆಟಗಾರ ಕನಿಷ್ಠ ಎರಡರಷ್ಟು, ಗರಿಷ್ಠ ನಾಲ್ಕರಷ್ಟು ಹಾಕಬೇಕು. ಬ್ಲೈಂಡ್ ಹಾಕಿದ್ದು ಹಾಗೆಯೇ ಹೊಸ ಚಾಲ್ತಿ ದರವಾಗುತ್ತದೆ. ಸೀನ್ ಹಾಕಿದ್ದರಲ್ಲಿ ಅರ್ಧ ಮಾತ್ರ. ಬೇಡವೆನಿಸಿದರೆ ಪ್ಯಾಕ್, ಅಂದರೆ ಎಲೆ ಬಿಟ್ಟು ಆ ಆಟದಿಂದ ಏಳುವುದು.

2.2. ಇಬ್ಬರೇ ಉಳಿದಾಗ ಶೋ ಕೇಳಬಹುದು. ಇಬ್ಬರೂ ಸೀನ್ ಆಗಿದ್ದರೆ ಕೇಳುವವನು ಚಾಲ್ತಿ ದರದ ಎರಡರಷ್ಟು ಕೊಡಬೇಕು. ಒಬ್ಬ ಬ್ಲೈಂಡ್, ಇನ್ನೊಬ್ಬ ಸೀನ್ ಆಗಿದ್ದರೆ ನಿಯಮ ಒಂದೇ ಇಲ್ಲ. ‘ಬ್ಲೈಂಡಿಗೆ ಶೋ ಇಲ್ಲ’ ಎಂಬುದು ವ್ಯಾಪಕ ವಾಡಿಕೆ: ಬ್ಲೈಂಡ್ ಶೋ ಕೇಳಬಹುದು, ಸೀನ್ ಕೇಳುವಂತಿಲ್ಲ, ಅವನಿಗೆ ಇರುವುದು ಹಣ ಹಾಕುವುದು ಅಥವಾ ಪ್ಯಾಕ್ ಮಾಡುವುದು, ಎರಡೇ ದಾರಿ. ಕೆಲವು ಮನೆಗಳಲ್ಲಿ ಈ ನಿರ್ಬಂಧ ಇಲ್ಲ. ಈ ಟಿಪ್ಪಣಿಯ ದೃಷ್ಟಿಯಿಂದ ಇದಕ್ಕಿಂತ ಮುಖ್ಯವಾದ ಭೇದ ಇನ್ನೊಂದಿಲ್ಲ.

2.3. ಸೈಡ್ ಶೋ ಎಂಬುದು ಮೂವರು ಅಥವಾ ಹೆಚ್ಚು ಮಂದಿ ಉಳಿದಾಗ, ಸೀನ್ ಆಟಗಾರ ತನ್ನ ಹಿಂದಿನ ಸೀನ್ ಆಟಗಾರನನ್ನು ಕೇಳುವ ಗುಟ್ಟಿನ ಹೋಲಿಕೆ. ಬ್ಲೈಂಡನ್ನು ಸೈಡ್ ಶೋ ಕೇಳಲಾಗದು. ಹೀಗಾಗಿ ಎಲೆ ನೋಡಿ ಹುಸಿ ಆಡುವವನಿಗೆ ಪಕ್ಕದವನ ಭಯವಿದೆ, ನೋಡದೆ ಆಡುವವನಿಗೆ ಇಲ್ಲ.

2.4. ಸೀಕ್ವೆನ್ಸುಗಳಲ್ಲಿ, ಅಂದರೆ ಕ್ರಮವಾಗಿ ಬರುವ ಮೂರು ಎಲೆಗಳಲ್ಲಿ, ಎಕ್ಕ–ರಾಜ–ರಾಣಿ ದೊಡ್ಡದು, ಎಕ್ಕ–2–3 ಎರಡನೆಯದು ಎಂಬುದು ಹೆಚ್ಚಿನ ಕಡೆಯ ಕ್ರಮ. ಎಕ್ಕ–2–3 ಅನ್ನೇ ಎಲ್ಲಕ್ಕಿಂತ ಮೇಲಿಡುವವರೂ ಇದ್ದಾರೆ; ಇಂಗ್ಲೆಂಡಿನ ಬ್ರ್ಯಾಗ್ ಆಟದ ಕ್ರಮವೂ ಅದೇ. ತೀನ್ ಪತ್ತಿಗೆ ಬ್ರ್ಯಾಗ್ ಮೂಲವೆಂದು ಸಾಮಾನ್ಯವಾಗಿ ಹೇಳಲಾಗುವುದರಿಂದ, ಈ ಎರಡನೆಯ ಕ್ರಮ ಹಳೆಯದಿರಬಹುದು. ಎಣಿಕೆಗೆ ಇದರಿಂದ ವ್ಯತ್ಯಾಸವಾಗದು.

3. ಎಣಿಕೆ

52 ಎಲೆಗಳಲ್ಲಿ ಮೂರನ್ನು ಆರಿಸುವ ಬಗೆಗಳು 22,100. ಇವುಗಳಲ್ಲಿ ಟ್ರೇಲ್ (ಒಂದೇ ಬೆಲೆಯ ಮೂರೆಲೆ) 52, ಪ್ಯೂರ್ ಸೀಕ್ವೆನ್ಸ್ (ಒಂದೇ ಬಣ್ಣದ ಸೀಕ್ವೆನ್ಸ್) 48, ಸೀಕ್ವೆನ್ಸ್ 720, ಕಲರ್ (ಕ್ರಮವಿಲ್ಲದ ಒಂದೇ ಬಣ್ಣ) 1,096, ಜೋಡಿ 3,744. ಇವು ಯಾವುವೂ ಇಲ್ಲದ ಬರಿಗೈ 16,440.

ಇಲ್ಲೊಂದು ಅಸಂಗತಿಯನ್ನು ಗುರುತಿಸಬೇಕು. ಪ್ಯೂರ್ ಸೀಕ್ವೆನ್ಸ್ ಟ್ರೇಲಿಗಿಂತ ಅಪರೂಪ, ಆದರೂ ಎಲ್ಲೆಡೆ ಟ್ರೇಲೇ ಮೇಲು. ಎಕ್ಕ–2–3 ಅನ್ನು ಸೀಕ್ವೆನ್ಸ್ ಎಂದು ಒಪ್ಪದ ಮನೆಯಲ್ಲಿ ಅಂತರ ಇನ್ನೂ ಹಿಗ್ಗಿ, ಪ್ಯೂರ್ ಸೀಕ್ವೆನ್ಸ್ 44ಕ್ಕೆ ಇಳಿಯುತ್ತದೆ. ಸೀಕ್ವೆನ್ಸ್ ಕಲರಿಗಿಂತ ಮೇಲಿರುವುದು ಮಾತ್ರ ಎಣಿಕೆಗೆ ಸರಿಹೊಂದುತ್ತದೆ. ಐದೆಲೆಯ ಪೋಕರಿನಲ್ಲಿ ಈ ಎರಡರ ಸ್ಥಾನ ಅದಲುಬದಲು. ಅಲ್ಲಿನ ಎಣಿಕೆಯೂ ಅದಲುಬದಲಾಗಿರುವುದರಿಂದ ಅದೂ ಸರಿಯೇ.

ನಮ್ಮ ಪ್ರಶ್ನೆಗೆ ಬೇಕಾದದ್ದು ಬರಿಗೈಗಳ ಒಳವಿಭಾಗ. ಎಕ್ಕ ಮೇಲಿರುವ ಬರಿಗೈ 3,840, ರಾಜ ಮೇಲಿರುವುದು 3,240, ರಾಣಿ 2,640, ಗುಲಾಮ 2,100. 10 ಹಾಗೂ ಅದಕ್ಕಿಂತ ಕೆಳಗಿನವು ಒಟ್ಟು 4,620. ಈ ಅಂಕಿಗಳಿಂದ ಎರಡು ಗಡಿಗಳನ್ನು ನಿಖರವಾಗಿ ಗುರುತಿಸಬಹುದು.

ಮೊದಲನೆಯದು ನಡುಗೆರೆ. ರಾಜ–9–8 ಮತ್ತು ಅದಕ್ಕಿಂತ ಕೆಳಗಿನ ಕೈಗಳು 11,040, ಅಂದರೆ ಶೇ. 49.95. ಹಾಗಾಗಿ ರಾಜ–10–2 ಸರಿಸುಮಾರು ನಟ್ಟನಡುವಿನ ಕೈ. ನೋಡದ ಎಲೆಯ ಎದುರು ಅದಕ್ಕೆ ಸೋಲು-ಗೆಲುವು ಸಮ.

ಎರಡನೆಯದು ಮೂರರಲ್ಲೆರಡು ಪಾಲಿನ ಗೆರೆ. ಸೀನ್ ಆಟಗಾರ ಬ್ಲೈಂಡಿನ ಎದುರು ಪ್ರತಿ ಸುತ್ತಿಗೆ ಎರಡು ಪಾಲು ಹಾಕಿ ಒಂದು ಪಾಲನ್ನು ಗೆಲ್ಲಲು ಆಡುತ್ತಾನೆ. ಪಾಟಿನಲ್ಲಿ ಆಗಲೇ ಬಿದ್ದಿರುವ ಹಣವನ್ನು ಲೆಕ್ಕದಿಂದ ಬಿಟ್ಟರೆ, ಅವನ ಗೆಲುವಿನ ಸಂಭವ ಶೇ. 66.67ನ್ನು ಮೀರಬೇಕು. ಎಕ್ಕ–ಗುಲಾಮ–2ರ ಕೆಳಗೆ 14,700 ಕೈಗಳಿವೆ (ಶೇ. 66.52), ಎಕ್ಕ–ಗುಲಾಮ–3ರ ಕೆಳಗೆ 14,760 (ಶೇ. 66.79). ಗೆರೆ ಈ ಎರಡರ ನಡುವೆ ಹಾದುಹೋಗುತ್ತದೆ. ಸಮಾನ ಕೈಗಳನ್ನೂ, ಆಟಗಾರನ ಕೈಯಲ್ಲಿರುವ ಎಲೆಗಳು ಕಟ್ಟಿನಿಂದ ಕಳೆದಿರುವುದನ್ನೂ ಇಲ್ಲಿ ಲೆಕ್ಕಿಸಿಲ್ಲ. ಎರಡನೆಯದರ ಪ್ರಭಾವ ಅಲ್ಪ: ರಾಜ–10–2 ಹಿಡಿದವನ ಎದುರಾಳಿಗೆ ಜೋಡಿ ಬೀಳುವ ಸಂಭವ ಶೇ. 16.94ರಿಂದ 16.90ಕ್ಕೆ ಇಳಿಯುತ್ತದೆ. ಆದರೂ 66.52 ಮತ್ತು 66.79ರಂಥ ಕಿರಿದಾದ ಅಂತರವನ್ನು ಅದು ಅಳಿಸಬಲ್ಲದು. ಆದ್ದರಿಂದ ಎರಡನೆಯ ಗೆರೆಯನ್ನು ಒಂದೆರಡು ಕೈಗಳ ಆಚೀಚೆಗೆ ಓದಿಕೊಳ್ಳುವುದು ಕ್ಷೇಮ.

4. ನೋಡದ ಎಲೆಯ ಬೆಲೆ

ಐವರು ಕುಳಿತ ಒಂದು ಆಟವನ್ನು ತೆಗೆದುಕೊಳ್ಳೋಣ. ಬೂಟ್ ತಲೆಗೆ 2 ರೂಪಾಯಿ, ಪಾಟಿನಲ್ಲಿ 10. ಆಟಗಾರರನ್ನು ಅ, ಆ, ಇ, ಈ, ಉ ಎನ್ನೋಣ. ಅ ಎಲೆಗಳನ್ನು ಮಗುಚಿದಂತೆಯೇ ಬಿಟ್ಟು 2 ರೂಪಾಯಿ ಹಾಕುತ್ತಾನೆ. ಉಳಿದ ನಾಲ್ವರೂ ಎಚ್ಚರದವರು. ಇಲ್ಲಿ ಎಚ್ಚರವೆಂದರೆ ತಮ್ಮ ಸರದಿಯಲ್ಲಿ ಎಲೆ ನೋಡಿ, ಜೋಡಿ ಅಥವಾ ಅದಕ್ಕಿಂತ ಮೇಲಿದ್ದರೆ ಮಾತ್ರ ಆಡುವುದು.

ಒಬ್ಬ ಎಚ್ಚರದವನು ಪ್ಯಾಕ್ ಮಾಡುವ ಸಂಭವ ಶೇ. 74.39. ನಾಲ್ವರೂ ಪ್ಯಾಕ್ ಮಾಡುವ ಸಂಭವ, ಕೈಗಳು ಪರಸ್ಪರ ಸ್ವತಂತ್ರ ಎಂಬ ಅಂದಾಜಿನಲ್ಲಿ, ಶೇ. 30.6. ಅ ಹಾಕಿದ 2 ರೂಪಾಯಿ ನಷ್ಟವಾಗದಿರಲು ಎಲ್ಲರೂ ಏಳಬೇಕಾದ ಪ್ರಮಾಣ 12ರಲ್ಲಿ 2, ಅಂದರೆ ಶೇ. 16.7. ಎದುರು ಯಾರಾದರೂ ಆಡಿದಾಗಲೆಲ್ಲ ಅ ಸೋಲುತ್ತಾನೆ ಎಂದು ಕಠಿಣವಾಗಿ ಊಹಿಸಿದರೂ, ಒಂದು ಚಾಲಿಗೆ ಸರಾಸರಿ 1 ರೂಪಾಯಿ 67 ಪೈಸೆ ಉಳಿಯುತ್ತದೆ. ಅದೇ ಅ ಎಲೆ ನೋಡಿ, 5–3–2ರಂಥ ಕೈಯಿಂದ ಹುಸಿ ಆಡಿದ್ದರೆ ಅವನು 4 ರೂಪಾಯಿ ಹಾಕಬೇಕಿತ್ತು. ಬೇಕಾಗುವ ಪ್ರಮಾಣ 14ರಲ್ಲಿ 4, ಶೇ. 28.6. ಆಗ 30.6ಕ್ಕೂ ಅದಕ್ಕೂ ಇರುವ ಅಂತರ ಬಲು ಕಡಿಮೆ, ಅದರ ಮೇಲೆ ಸೈಡ್ ಶೋದ ಭಯ ಬೇರೆ.

ಈ ಲಾಭ ‘ಎಚ್ಚರ’ದ ಮಟ್ಟಕ್ಕೆ ಬಹಳ ಸೂಕ್ಷ್ಮವಾಗಿ ಅಂಟಿಕೊಂಡಿದೆ. ನಾಲ್ವರೂ ಎಕ್ಕ ಮೇಲಿರುವ ಬರಿಗೈಯನ್ನೂ ಆಡುವವರಾದರೆ ಒಬ್ಬನ ಪ್ಯಾಕ್ ಸಂಭವ ಶೇ. 57.01ಕ್ಕೆ ಇಳಿಯುತ್ತದೆ, ನಾಲ್ವರೂ ಏಳುವ ಸಂಭವ 10.6 ಮಾತ್ರ. ಐವರ ಬೂಟಿನ ಅದೇ 10 ರೂಪಾಯಿ ಪಾಟಿಗೆ 16.7 ಸಿಗಬೇಕಾದರೆ ಎದುರು ಇನ್ನೂ ಉಳಿದವರು ಮೂವರಿಗಿಂತ ಹೆಚ್ಚಿರಬಾರದು, ಮೂವರಿದ್ದರೆ 18.5. ಎದುರಾಳಿಗಳು ‘ಹೆದರುವವರು’ ಎಂಬ ಒಟ್ಟಾರೆ ಅನಿಸಿಕೆ ಇಲ್ಲಿ ಸಾಲದು. ಅವರು ಎಕ್ಕವನ್ನು ಇಟ್ಟುಕೊಳ್ಳುತ್ತಾರೆಯೇ ಬಿಡುತ್ತಾರೆಯೇ ಎಂಬ ಒಂದೇ ಸಂಗತಿ ಉತ್ತರವನ್ನು ತಿರುಗಿಸುತ್ತದೆ.

ಈಗ ಎರಡನೆಯ ಚಾಲು. ಆ, ಇ ಎಲೆ ನೋಡಿ ಪ್ಯಾಕ್ ಮಾಡಿದರು. ‘ಈ’ ನೋಡಿ 4 ಹಾಕಿದ, ಉ ಪ್ಯಾಕ್. ಪಾಟ್ 16, ಚಾಲ್ತಿ ದರ 2. ಅ ಇನ್ನೂ ಎಲೆ ಮುಟ್ಟದೆ 4 ಹಾಕಿ ದರವನ್ನು ಇಮ್ಮಡಿಗೊಳಿಸಿದ, ಪಾಟ್ 20. ಈಗ ‘ಈ’ ಉಳಿಯಬೇಕಾದರೆ ಕನಿಷ್ಠ 8 ಹಾಕಬೇಕು. ‘ಬ್ಲೈಂಡಿಗೆ ಶೋ ಇಲ್ಲ’ ಎಂಬ ಮನೆಯಾದರೆ ಆ 8ಕ್ಕೆ ಅವನಿಗೆ ಏನೂ ತಿಳಿಯದು; ಮುಂದಿನ ಸುತ್ತಿಗೆ ಇನ್ನೂ 8.

ಅ ಹಾಕಿದ 4 ರೂಪಾಯಿಗೆ ಬೇಕಾದ ಪ್ರಮಾಣ 20ರಲ್ಲಿ 4, ಶೇ. 20. ಆದರೆ ‘ಈ’ ಈಗಾಗಲೇ ಎಲೆ ನೋಡಿ ಹಣ ಹಾಕಿದವನು. ನಮ್ಮ ಊಹೆಯಂತೆ ಅವನ ಕೈಯಲ್ಲಿ ಜೋಡಿ ಅಥವಾ ಮೇಲಿನದು ಇದೆ: 5,660 ಕೈಗಳಲ್ಲಿ ಒಂದು. ಅದರಲ್ಲಿ ಪ್ರತಿ ಜೋಡಿಗೆ 288 ಕೈಗಳು. ಎರಡರಿಂದ ನಾಲ್ಕರವರೆಗಿನ ಜೋಡಿಯನ್ನು ಮಾತ್ರ ಅವನು ಬಿಡುವವನಾದರೆ 864, ಶೇ. 15.3, ಹುಸಿಗೆ ನಷ್ಟ. ಐದರ ಜೋಡಿಯನ್ನೂ ಬಿಟ್ಟರೆ 1,152, ಶೇ. 20.4, ಕೂದಲೆಳೆಯಷ್ಟು ಲಾಭ. ಏಳರ ಜೋಡಿಯವರೆಗೂ ಬಿಟ್ಟರೆ 1,728, ಶೇ. 30.5. ನೋಡದ ಎಲೆಗೂ ಒಮ್ಮೊಮ್ಮೆ ಗೆಲುವಿದೆ ಎಂಬುದನ್ನು ಸೇರಿಸಿದರೆ ಮೂರೂ ಅಂಕಿಗಳು ಅ ಪರವಾಗಿ ತುಸು ಸರಿಯುತ್ತವೆ.

ಸೀನ್ ಆಟಗಾರನ ದೃಷ್ಟಿಯಿಂದ ನೋಡಿದರೆ ಇಂಥ ಜೋಡಿಯನ್ನು ಬಿಡುವುದು ಲೆಕ್ಕದ ತಪ್ಪು. ಅತಿ ಚಿಕ್ಕ ಜೋಡಿಯೂ ನೋಡದ ಎಲೆಯನ್ನು ನಾಲ್ಕರಲ್ಲಿ ಸುಮಾರು ಮೂರು ಸಲ ಗೆಲ್ಲುತ್ತದೆ, 66.67ರ ಗೆರೆಗಿಂತ ಅದು ಸ್ಪಷ್ಟವಾಗಿ ಮೇಲಿದೆ. ಸುತ್ತು ಎಷ್ಟು ಮುಂದುವರಿದರೂ ಸರಾಸರಿ ಲಾಭ ಸೀನ್ ಆಟಗಾರನದೇ. ಎಚ್ಚರದವನನ್ನು ಏಳಿಸುವುದು ಎದುರಿನವನ ಮುಖಭಾವ ಎನ್ನುವುದಕ್ಕಿಂತ, ಶೋ ಕೇಳಲಾಗದೆ ಎರಡರಷ್ಟು ದರದಲ್ಲಿ ಹಾಕುತ್ತಲೇ ಇರಬೇಕು ಎಂಬ ನಿಯಮ ಎನ್ನುವುದು ಹೆಚ್ಚು ಯುಕ್ತವೆಂದು ತೋರುತ್ತದೆ. ಎಲೆಯನ್ನು ಸ್ವತಃ ನೋಡದವನ ಮುಖದಲ್ಲಿ ಓದಲು ಏನೂ ಇರುವುದಿಲ್ಲ ಎಂಬುದು ಈ ಅಭಿಪ್ರಾಯಕ್ಕೆ ಇನ್ನೊಂದು ಆಧಾರ.

5. ಎರಡು ಬಗೆಯ ಎಚ್ಚರ

ಮೇಲಿನ ಲೆಕ್ಕವೆಲ್ಲ ಪ್ಯಾಕ್ ಮಾಡುವ ಎಚ್ಚರಕ್ಕೆ ಅನ್ವಯಿಸುತ್ತದೆ. ಶೋ ಕೇಳುವ ಎಚ್ಚರ ಬೇರೆ. ದರ ಏರಿಸಲು ಒಲ್ಲದ, ಆದರೆ ಕೊನೆಗೆ ‘ತೋರಿಸು ನೋಡೋಣ’ ಎನ್ನದೆ ಬಿಡದ ಆಟಗಾರ ಪ್ರತಿ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ. ಇವರೂ ಎಚ್ಚರದವರೆಂದೇ ಹೆಸರು ಪಡೆದಿರುವುದರಿಂದ ಎರಡು ಬಗೆಗಳು ಸುಲಭವಾಗಿ ಕಲಸಿಹೋಗುತ್ತವೆ.

ಚಾಲ್ತಿ ದರ 4, ಪಾಟ್ 40, ಇಬ್ಬರೂ ಸೀನ್ ಎಂದಿಟ್ಟುಕೊಂಡರೆ ಶೋ ಬೆಲೆ 8. ಆರರಲ್ಲಿ ಒಂದು ಸಲ ಗೆದ್ದರೆ ಸಾಕು, ಕೇಳಿದ್ದು ವ್ಯರ್ಥವಲ್ಲ. ಮನೆಯಾಟದಲ್ಲಿ ಸಾಮಾನ್ಯವಾಗಿ ಚಾಲಿಗೊಂದು ಮಿತಿ ಇರುತ್ತದೆ. ಪಾಟ್ ಬೆಳೆಯುತ್ತದೆ, ಮಿತಿ ಬೆಳೆಯದು. ಹೀಗಾಗಿ ಶೋ ಕ್ರಮೇಣ ಅಗ್ಗವಾಗುತ್ತದೆ. ಮಿತಿ 16 ಮತ್ತು ಪಾಟ್ 100 ಆದಾಗ ಬೇಕಾದದ್ದು ಶೇ. 13.8 ಮಾತ್ರ. ಮಿತಿಯಿಲ್ಲದ ಪೋಕರಿನಲ್ಲಿ ಹುಸಿ ಆಡುವವನು ಪಾಟಿನಷ್ಟೇ ಹಣ ಮುಂದಿಟ್ಟು, ಎದುರಿನವನಿಗೆ ಶೇ. 33.3ರ ಭರವಸೆ ಇರಲೇಬೇಕೆಂದು ಒತ್ತಾಯಿಸಬಲ್ಲ. ತೀನ್ ಪತ್ತಿಯ ಮಿತಿಯೊಳಗೆ ಆ ಆಯುಧ ಇಲ್ಲ. ಪೋಕರ್ ಪುಸ್ತಕಗಳ ಸಲಹೆಯನ್ನು ದೀಪಾವಳಿಯ ಜಮಖಾನೆಗೆ ನೇರವಾಗಿ ತರಲಾಗದು ಎಂಬುದಕ್ಕೆ ಇದೇ ಕಾರಣ. ಹುಸಿಗೆ ಇಲ್ಲಿ ಬಲವಿರುವುದು ಮೊದಲ ಒಂದೆರಡು ಸುತ್ತಿನಲ್ಲಿ.

ಸಣ್ಣ ಮೊತ್ತ ಎಂಬುದರ ಪರಿಣಾಮವೂ ಒಂದೇ ದಿಕ್ಕಿನದಲ್ಲ. 4 ರೂಪಾಯಿ ಯಾರಿಗೂ ಹೊರೆಯಲ್ಲವಾದ್ದರಿಂದ ಕುತೂಹಲಕ್ಕೇ ಹಾಕುವವರು ಹೆಚ್ಚಬಹುದು. ಹಾಗಿದ್ದೂ ಪ್ಯಾಕ್ ಮಾಡುವವರಿದ್ದಾರೆಂದರೆ ಅವರ ಎಚ್ಚರ ಹಣದ್ದಿರಲಾರದು. ಮಾವ, ಚಿಕ್ಕಪ್ಪ, ಸೊಸೆ, ಮೊಮ್ಮಕ್ಕಳು ಒಟ್ಟಿಗೆ ಕುಳಿತಲ್ಲಿ ಸೋತ ಎಲೆ ಎಲ್ಲರೆದುರು ಮಗುಚುವುದರ ಸಂಕೋಚ ಒಂದು ಕಾರಣವಿರಬಹುದು. ಇದು ಊಹೆಯಷ್ಟೇ; ಆದರೆ ಹಣದ ಬದಲು ಹುಣಸೆಬೀಜ ಇಟ್ಟು ಆಡುವಾಗಲೂ ಕೆಲವರು ಅಷ್ಟೇ ಬಿಗಿಯಾಗಿ ಆಡುವುದು ಅದಕ್ಕೆ ವಿರುದ್ಧವಾಗಿಲ್ಲ.

6. ಸಿದ್ಧಾಂತ

ಹುಸಿ ಚಾಲು ಸ್ವಭಾವದ ವಿಷಯವಲ್ಲ, ಲೆಕ್ಕದ ಅಗತ್ಯ ಎಂಬುದನ್ನು ಸ್ಥಾಪಿಸಿದ ಕೃತಿ ಜಾನ್ ಫಾನ್ ನಾಯ್ಮನ್ ಮತ್ತು ಆಸ್ಕರ್ ಮಾರ್ಗೆನ್‌ಸ್ಟರ್ನ್ ಅವರ 1944ರ ಗ್ರಂಥ. ಮೂಲ ಪ್ರಮೇಯ ಫಾನ್ ನಾಯ್ಮನ್ನರ 1928ರ ಲೇಖನದ್ದು. ಹೆರಾಲ್ಡ್ ಕೂನ್ 1950ರಲ್ಲಿ ಪ್ರಕಟಿಸಿದ ಕಿರು ಪೋಕರಿನಲ್ಲಿ ಇಡೀ ಕಟ್ಟಿಗೆ ಮೂರೇ ಎಲೆ, ಆಟಗಾರರು ಇಬ್ಬರು, ತಲೆಗೆ ಒಂದೊಂದು ಎಲೆ. ಅಲ್ಲಿ ಮೊದಲಿಗ ಸುಮ್ಮನಿದ್ದಾಗ ಎರಡನೆಯವನು ಅತಿ ಚಿಕ್ಕ ಎಲೆಯಿಂದ ಮೂರರಲ್ಲಿ ಒಂದು ಸಲ ಹುಸಿ ಆಡಬೇಕು. ಹಾಗೆ ಆಡಿದರೆ ಮೊದಲಿಗನಿಗೆ ಆಟಕ್ಕೆ ಸರಾಸರಿ ಹದಿನೆಂಟರಲ್ಲಿ ಒಂದು ಪಾಲು ನಷ್ಟ.

ಈ ‘ಮೂರರಲ್ಲಿ ಒಂದು’ ಎದುರಾಳಿಯೂ ಸರಿಯಾಗಿ ಆಡುವನೆಂಬ ಊಹೆಯ ಮೇಲೆ ನಿಂತಿದೆ. ಎದುರಾಳಿ ಮಧ್ಯದ ಎಲೆಯನ್ನು ಯಾವಾಗಲೂ ಬಿಡುವ ಎಚ್ಚರದವನಾದರೆ, ಹುಸಿ ಕನಿಷ್ಠ ಅರ್ಧದಷ್ಟು ಸಲ ಫಲಿಸುತ್ತದೆ, ಬೇಕಾದದ್ದು ಮೂರರಲ್ಲೊಂದು; ಆಗ ಚಿಕ್ಕ ಎಲೆ ಬಂದಾಗಲೆಲ್ಲ ಹುಸಿ ಆಡುವುದೇ ಸರಿ. ಅವನು ಅದನ್ನು ಗಮನಿಸಿ ಬದಲಾದ ಕೂಡಲೇ ಲಾಭ ನಿಲ್ಲುತ್ತದೆ. ಈ ಸಿದ್ಧಾಂತದಲ್ಲಿ ಹುಸಿ ಆಡುವವನಿಗೆ ತನ್ನ ಎಲೆ ಗೊತ್ತಿರುತ್ತದೆ. ಬ್ಲೈಂಡ್ ಆಟಗಾರನಿಗೆ ಗೊತ್ತಿಲ್ಲ. ಆದ್ದರಿಂದ 4ನೇ ಭಾಗದ ಚಾಲನ್ನು ಕೂನ್ ಅವರ ಅರ್ಥದ ಹುಸಿಯ ಜೊತೆ ಸಮೀಕರಿಸುವಾಗ ಈ ಭೇದವನ್ನು ಮರೆಯಬಾರದು.

7. ಕಾನೂನಿನ ದಾಖಲೆಗಳಲ್ಲಿ ಮೂರೆಲೆ

ಮಾಟುಂಗಕ್ಕೆ ಅನ್ವಯಿಸುವುದು 1887ರ ಬಾಂಬೆ ಜೂಜು ತಡೆ ಕಾಯ್ದೆ. 1956ರವರೆಗೆ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡಗಳೂ ಮುಂಬಯಿಯ ಆಡಳಿತದಲ್ಲಿದ್ದವು. ಕಾಯ್ದೆಯ 13ನೇ ಕಲಮು ಕೇವಲ ಕೌಶಲದ ಆಟಗಳಿಗೆ ವಿನಾಯಿತಿ ಕೊಡುತ್ತದೆ. ಕೌಶಲವೆಂದರೇನು ಎಂಬ ಚರ್ಚೆಗೆ ಅಡಿಪಾಯವಾದ ಸುಪ್ರೀಂ ಕೋರ್ಟಿನ ಚಮರ್‌ಬಾಗ್‌ವಾಲಾ ತೀರ್ಪುಗಳು ಎರಡು. ಎರಡೂ 9 ಏಪ್ರಿಲ್ 1957ರವು, ಅನೇಕ ಉಲ್ಲೇಖಗಳಲ್ಲಿ ಒಂದೆಂಬಂತೆ ಬೆರೆತಿವೆ. ಮುಂಬಯಿ ಸರ್ಕಾರ ಮೇಲ್ಮನವಿದಾರನಾಗಿದ್ದ ಪ್ರಕರಣದ ಮೂಲದಲ್ಲಿ ಇದ್ದದ್ದು ಬೆಂಗಳೂರಿನಲ್ಲಿ ಅಚ್ಚಾಗಿ ಮುಂಬಯಿಯಲ್ಲೂ ಹರಡುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ವಾರಪತ್ರಿಕೆಯ ಪದಬಂಧ ಸ್ಪರ್ಧೆ.

ಮೂರೆಲೆಯ ಪ್ರಸ್ತಾಪ ಬರುವುದು ಆಂಧ್ರಪ್ರದೇಶ ಸರ್ಕಾರ ಮತ್ತು ಕೆ. ಸತ್ಯನಾರಾಯಣ ನಡುವಿನ ಪ್ರಕರಣದಲ್ಲಿ. ಇದನ್ನು ಬಹುತೇಕ ‘1968ರ ತೀರ್ಪು’ ಎಂದು ಕರೆಯಲಾಗುತ್ತದೆ. 1968 ವರದಿ ಸಂಪುಟದ ವರ್ಷ. ತೀರ್ಪು ಹೊರಬಂದದ್ದು 22 ನವೆಂಬರ್ 1967ರಂದು. ಸಿಕಂದರಾಬಾದಿನ ಕ್ಲಬ್ಬೊಂದರ ರಮ್ಮಿಯ ವಿಚಾರದಲ್ಲಿ ನ್ಯಾಯಮೂರ್ತಿ ಹಿದಾಯತುಲ್ಲಾ ಅವರು, ಬಿದ್ದ ಎಲೆಗಳ ನೆನಪು ಹಾಗೂ ಹಿಡಿಯುವ-ಬಿಡುವ ಜಾಣ್ಮೆ ಬೇಕಾದ್ದರಿಂದ ರಮ್ಮಿ ಪ್ರಧಾನವಾಗಿ ಕೌಶಲದ ಆಟ ಎಂದರು. ಅದಕ್ಕೆ ಎದುರಾಗಿ ಫ್ಲಶ್, ಬ್ರ್ಯಾಗ್ ಮೊದಲಾದ ಹೆಸರುಗಳ ಮೂರೆಲೆಯ ಆಟವನ್ನು ಶುದ್ಧ ಅದೃಷ್ಟದ್ದೆಂದು ವರ್ಗೀಕರಿಸಿದರು.

ಈ ವರ್ಗೀಕರಣ ತೀರ್ಪಿನ ನಿರ್ಣಾಯಕ ಭಾಗವೋ ಪ್ರಾಸಂಗಿಕ ಮಾತೋ ಎಂಬುದು ಚರ್ಚೆಗೆ ಬಿಟ್ಟದ್ದು. ನ್ಯಾಯಾಲಯದ ಮುಂದಿದ್ದದ್ದು ರಮ್ಮಿ. ಗಮನಿಸಬೇಕಾದದ್ದು ವಿಧಾನವನ್ನು. ರಮ್ಮಿಯಲ್ಲಿನ ಅದೃಷ್ಟ ಬ್ರಿಜ್ ಆಟದಲ್ಲಿ ಎಲೆ ಹಂಚುವಾಗಿನ ಅದೃಷ್ಟದಂಥದ್ದೇ ಎನ್ನುವ ಮೂಲಕ ತೀರ್ಪು ಹಂಚಿಕೆಯನ್ನೂ ಅನಂತರದ ಆಟವನ್ನೂ ಬೇರ್ಪಡಿಸುತ್ತದೆ. ಮೂರೆಲೆಗೆ ಬಂದಾಗ ಆ ಬೇರ್ಪಡಿಕೆ ಕಾಣುವುದಿಲ್ಲ. ಬ್ಲೈಂಡಿನ ಅರ್ಧ ದರ, ಶೋದ ನಿರ್ಬಂಧ, ಪ್ಯಾಕ್ ಇವುಗಳ ವಿಶ್ಲೇಷಣೆ ಅಲ್ಲಿಲ್ಲ. ಮೂರೆಲೆಯಲ್ಲಿ ಎಲೆ ಬದಲಿಸುವ ಅವಕಾಶ ಇಲ್ಲದಿರುವುದರಿಂದ, ಎಲೆಗಳ ಮಟ್ಟಿಗೆ ‘ಶುದ್ಧ ಅದೃಷ್ಟ’ ಸರಿಯಾದ ವರ್ಣನೆ. ಐದರ ಜೋಡಿಯನ್ನು ಉಳಿಸಿಕೊಳ್ಳುವುದೋ ಬಿಡುವುದೋ ಎಂಬ ನಿರ್ಧಾರಕ್ಕೆ ಅದು ಹೊಂದುವುದಿಲ್ಲ. ಇಷ್ಟರಿಂದಲೇ ತೀನ್ ಪತ್ತಿ ಕೌಶಲಪ್ರಧಾನ ಎಂದು ವಾದಿಸಲಾಗದು. ಒಂದು ಸುತ್ತಿನ 1 ರೂಪಾಯಿ 67 ಪೈಸೆಯ ಲಾಭ ಹಂಚಿಕೆಯ ಏರಿಳಿತದಲ್ಲಿ ಸುಲಭವಾಗಿ ಮುಳುಗಿಹೋಗುತ್ತದೆ.

ಪೋಕರಿನ ವಿಷಯದಲ್ಲಿ ಹೈಕೋರ್ಟುಗಳೇ ಒಮ್ಮತದಲ್ಲಿಲ್ಲ. ಕರ್ನಾಟಕ ಹೈಕೋರ್ಟು 8 ಅಕ್ಟೋಬರ್ 2013ರ ಆದೇಶದಲ್ಲಿ ಅದನ್ನು ಕೌಶಲದ ಆಟವಾಗಿ ಆಡಿದರೆ ಪರವಾನಗಿ ಬೇಕಿಲ್ಲವೆಂದಿತು. ಗುಜರಾತ್ ಹೈಕೋರ್ಟು ಡಿಸೆಂಬರ್ 2017ರಲ್ಲಿ ವಿರುದ್ಧ ನಿಲುವು ತಾಳಿತು. ಕರ್ನಾಟಕದ 2021ರ ಪೊಲೀಸ್ ತಿದ್ದುಪಡಿಯ ಮುಖ್ಯ ಭಾಗಗಳು 14 ಫೆಬ್ರವರಿ 2022ರಂದು ರದ್ದಾದವು. 22 ಆಗಸ್ಟ್ 2025ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟಗಳಲ್ಲಿ ಕೌಶಲ–ಅದೃಷ್ಟ ಭೇದವನ್ನೇ ಕೈಬಿಟ್ಟಿದೆ, ಆದರೆ ಅದರ ವ್ಯಾಪ್ತಿ ಆನ್‌ಲೈನ್ ಆಟಕ್ಕೆ ಸೀಮಿತ. ಜಮಖಾನೆಯ ಆಟ ಈಗಲೂ 1887ರ ಕಾಯ್ದೆಯ ಭಾಷೆಯಲ್ಲೇ ಪರಿಶೀಲನೆಗೆ ಬರುತ್ತದೆ. ಅಲ್ಲಿ ‘ಜೂಜುಕಟ್ಟೆ’ಯ ವ್ಯಾಖ್ಯೆ ಬಹುಮಟ್ಟಿಗೆ ಜಾಗದ ಒಡೆಯನು ಅಥವಾ ನಡೆಸುವವನು ಲಾಭ ಪಡೆಯುತ್ತಾನೆಯೇ ಎಂಬುದರ ಮೇಲೆ ನಿಂತಿದೆ. ಬೂಟ್ ಪೂರ್ತಿ ಗೆದ್ದವನಿಗೇ ಹೋಗಿ ಮನೆಯವರು ಪಾಲು ಇಟ್ಟುಕೊಳ್ಳದ ಹಬ್ಬದಾಟಕ್ಕೂ, ಸುತ್ತಿಗಿಷ್ಟು ಎಂದು ಕಡಿತ ಮಾಡುವ ಆಟಕ್ಕೂ ಇರುವ ವ್ಯತ್ಯಾಸ ಇಲ್ಲಿ ಮುಖ್ಯವಾಗುತ್ತದೆ. 4ನೇ ಭಾಗದ ಲೆಕ್ಕವೂ ಕಡಿತವಿಲ್ಲದ ಆಟವನ್ನೇ ಊಹಿಸಿದೆ; ಪಾಟಿನಿಂದ 10ಕ್ಕೆ 1 ರೂಪಾಯಿ ಕಡಿತವಾದರೆ ಮೊದಲ ಬ್ಲೈಂಡಿಗೆ ಬೇಕಾದ ಪ್ರಮಾಣ 11ರಲ್ಲಿ 2, ಶೇ. 18.2 ಆಗುತ್ತದೆ. ಎಕ್ಕವನ್ನು ಬಿಡದ ಮೂವರ ಎದುರು ಸಿಗುತ್ತಿದ್ದ 18.5ರ ಲಾಭ ಅಲ್ಲಿಗೆ ಬಹುತೇಕ ತೀರಿಹೋಗುತ್ತದೆ.